ಮೇಲಿನ ಮನೆಯ ಎರಡು ಲೆಕ್ಕ: ಒಂದೇ ಮನೆ ಬಾಡಿಗೆಗೆ ಕೊಟ್ಟವರ ಒಂದು ಪ್ರಕರಣ

ಚಿಕ್ಕಮ್ಮನ ಲೆಕ್ಕದಲ್ಲಿ ಮೇಲಿನ ಮನೆಯವರಿಂದ ಬರಬೇಕಾದ ಬಾಕಿ 400. ಮೇಲಿನ ಮನೆಯವರ ಲೆಕ್ಕದಲ್ಲಿ ಅದೇ ಬಾಕಿ 60. ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಕೇಳಿದೆ. ಯಾರೂ ಏನನ್ನೂ ಮುಚ್ಚಿಡಲಿಲ್ಲ, ಸುಳ್ಳು ಹೇಳಲಿಲ್ಲ. ಕೊಟ್ಟ ಹಣ, ಕೊಡದ ಹಣ, ತಾರೀಕು ಎಲ್ಲವೂ ಇಬ್ಬರ ಬಾಯಲ್ಲೂ ಒಂದೇ. ಆದರೂ ಕೊನೆಯ ಮೊತ್ತದಲ್ಲಿ 340ರಷ್ಟು ಅಂತರ. ಆ ಅಂತರ ಹೇಗೆ ಹುಟ್ಟಿತು ಅನ್ನುವುದೇ ಈ ಪ್ರಕರಣ.

ಇಲ್ಲಿ ಒಂದು ತಿಂಗಳ ಬಾಡಿಗೆಯನ್ನು 100 ಎಂದು ಹಿಡಿದಿದ್ದೇನೆ. ಉಳಿದ ಮೊತ್ತಗಳೆಲ್ಲ ಅದರ ಪ್ರಮಾಣದಲ್ಲಿವೆ. ತಿಂಗಳುಗಳನ್ನು ಬಾಡಿಗೆದಾರರು ಮನೆ ಸೇರಿದ ದಿನದಿಂದ ಎಣಿಸಿದ್ದೇನೆ. ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬಾದ್ದರಿಂದ ಜಗಳ ಕೊನೆಗೆ ನನ್ನ ಮುಂದೆ ಬಂತು. ನಾನು ಪೂರ್ತಿ ತಟಸ್ಥ ಎಂದು ಹೇಳಿಕೊಳ್ಳಲಾರೆ. ಚಿಕ್ಕಮ್ಮ ನನ್ನನ್ನು ಎತ್ತಿ ಆಡಿಸಿದವರು. ಆದರೆ ಲೆಕ್ಕ ಬಿಡಿಸುತ್ತಾ ಹೋದಂತೆ ಅವರ ತಪ್ಪುಗಳೂ ಕಂಡವು. ಅವನ್ನೂ ಇಲ್ಲಿ ಬರೆಯಲು ಅವರೇ ಒಪ್ಪಿದ್ದಾರೆ.

ಮನೆ, ಮತ್ತು ಅದರ ಮೇಲೆ ನಿಂತ ಸಂಸಾರ

ಚಿಕ್ಕಪ್ಪ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ. ಮೇಲೆ ಎರಡು ಮಲಗುವ ಕೋಣೆಯ ಮನೆಯೊಂದು ಬಾಡಿಗೆಗಿದೆ. ಬರುವ 100ರಲ್ಲಿ 60 ಮನೆ ಸಾಲದ ಕಂತಿಗೆ ಹೋಗುತ್ತದೆ. ತೆರಿಗೆ, ವಿಮೆ, ರಿಪೇರಿ ಎಲ್ಲ ಸೇರಿ ವರ್ಷದ ಖರ್ಚನ್ನು ತಿಂಗಳಿಗೆ ಹಂಚಿದರೆ 15. ಉಳಿಯುವುದು 25. ಅವರ ಔಷಧಿ, ಓಡಾಟ ನಡೆಯುವುದು ಆ 25ರಲ್ಲಿ.

ಮನೆ ಬಾಡಿಗೆಗೆ ಕೊಟ್ಟವರನ್ನೆಲ್ಲ ಜನ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. 100 ಮನೆ ಇರುವವರ ಒಂದು ಮನೆ ಖಾಲಿ ಬಿದ್ದರೆ ಅವರ ಬಾಡಿಗೆ ಶೇ 1ರಷ್ಟು ಕಡಿಮೆಯಾಗುತ್ತದೆ. ಒಂದೇ ಮನೆ ಇರುವವರಿಗೆ ಆ ತಿಂಗಳ ಆದಾಯವೇ ಇಲ್ಲ. ಒಂದು ತಿಂಗಳು ಬಾಡಿಗೆ ಬರದಿದ್ದರೆ ವರ್ಷದ ಬಾಡಿಗೆಯಲ್ಲಿ ಶೇ 8.33 ಹೋಯಿತು. ಹಾಗೆ ನೋಡಿದರೆ ಸಣ್ಣದು. ಆದರೆ ಸಾಲದ ಕಂತು, ತೆರಿಗೆ ಯಾವುದೂ ಆ ತಿಂಗಳಿಗೆಂದು ನಿಲ್ಲುವುದಿಲ್ಲ. ಹೋದ 100ನ್ನು ತಿಂಗಳಿಗೆ ಉಳಿಯುವ 25ರಲ್ಲಿ ತುಂಬಬೇಕಾದರೆ ನಾಲ್ಕು ತಿಂಗಳು ಬೇಕು. ಚಿಕ್ಕಮ್ಮ ಈ ಲೆಕ್ಕವನ್ನು ಯಾವತ್ತೂ ಬರೆದು ನೋಡಿರಲಿಲ್ಲ. ನಾನೂ ಹಾಕಿ ತೋರಿಸಿರಲಿಲ್ಲ.

ಬಾಡಿಗೆಗೆ ಬಂದವರು ಗಂಡ, ಹೆಂಡತಿ, ಮೂರು ವರ್ಷದ ಮಗು. ಅಡ್ವಾನ್ಸ್ 200, ಅಂದರೆ ಎರಡು ತಿಂಗಳ ಬಾಡಿಗೆ. ಕರಾರು ಪತ್ರ ಎಲ್ಲೋ ಸಿಕ್ಕ ನಮೂನೆಯಲ್ಲಿ ಹೆಸರು ತುಂಬಿ ಸಹಿ ಮಾಡಿದ್ದು. ಬಾಡಿಗೆ ತಿಂಗಳ 5ರೊಳಗೆ ಎಂದಿತ್ತು. ತಡವಾದರೆ ಏನು, ರಿಪೇರಿ ಯಾರದು, ದೂರನ್ನು ಹೇಗೆ ತಿಳಿಸಬೇಕು, ಯಾವುದಕ್ಕೂ ಅದರಲ್ಲಿ ಉತ್ತರ ಇರಲಿಲ್ಲ. ಮನೆ ಒಪ್ಪಿಸುವಾಗ ಗೋಡೆ, ನಲ್ಲಿ, ಬಾಗಿಲು ಹೇಗಿವೆ ಅನ್ನುವುದಕ್ಕೆ ಒಂದು ಫೋಟೊ ಕೂಡ ತೆಗೆದಿಡಲಿಲ್ಲ.

ಅಡ್ವಾನ್ಸಿನ 200ನ್ನು ಚಿಕ್ಕಮ್ಮ ಅದೇ ವರ್ಷ ತಾರಸಿ ರಿಪೇರಿಗೆ ಹಾಕಿದರು. ಒಂದೇ ಮನೆ ಬಾಡಿಗೆಗೆ ಕೊಟ್ಟವರಲ್ಲಿ ಬಹುಪಾಲು ಜನ ಹೀಗೇ ಮಾಡುತ್ತಾರೆ ಅನ್ನುವುದು ನನ್ನ ಅನುಭವ. ಕೈಗೆ ಬಂದ ದೊಡ್ಡ ಮೊತ್ತ ಆದಾಯದಂತೆ ಕಾಣುತ್ತದೆ, ಆದರೆ ಅದು ಸಾಲ. ಜರ್ಮನಿಯ ಸಿವಿಲ್ ಸಂಹಿತೆಯಲ್ಲಿ ಮನೆ ಬಾಡಿಗೆಯ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ನಗದಾಗಿ ಕೊಟ್ಟರೆ ಮಾಲೀಕ ಅದನ್ನು ತನ್ನ ಹಣದ ಜೊತೆ ಬೆರೆಸದೆ ಬೇರೆಯಾಗಿ ಇಡಬೇಕು. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಬಹುತೇಕ ಖಾಸಗಿ ಬಾಡಿಗೆ ಮನೆಗಳ ಅಡ್ವಾನ್ಸನ್ನು ಸರ್ಕಾರ ಮಾನ್ಯ ಮಾಡಿದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಲೇಬೇಕು. ಬಾಡಿಗೆದಾರರ ಹಿತಕ್ಕೆ ಮಾಡಿದ ನಿಯಮಗಳಿವು. ಆದರೆ ಚಿಕ್ಕಮ್ಮನ ಪ್ರಕರಣ ನೋಡಿದ ಮೇಲೆ ಇವು ಸಣ್ಣ ಮಾಲೀಕರನ್ನೂ ಕಾಯುತ್ತವೆ ಎನಿಸಿತು. ಹಿಂದಿರುಗಿಸಲು ಹಣ ಇಲ್ಲದ ಮಾಲೀಕರಿಗೆ ಖಾಲಿ ಮಾಡಿ ಎನ್ನುವ ಧೈರ್ಯವೂ ಇರುವುದಿಲ್ಲ.

14ನೇ ತಿಂಗಳು

ಮೊದಲ 13 ತಿಂಗಳು ಬಾಡಿಗೆ ಒಂದು ದಿನವೂ ತಡವಾಗಲಿಲ್ಲ. ಮಗು ದಿನಕ್ಕೊಮ್ಮೆಯಾದರೂ ಮೆಟ್ಟಿಲಿಳಿದು ಚಿಕ್ಕಮ್ಮನ ಹತ್ತಿರ ಬರುತ್ತಿತ್ತು. ಅವರಿಗೆ ಜ್ವರ ಬಂದಾಗ ಔಷಧಿ ತಂದುಕೊಟ್ಟವರು ಮೇಲಿನ ಮನೆಯವರೇ.

14ನೇ ತಿಂಗಳು ಬಾಡಿಗೆದಾರರು 50 ತಂದುಕೊಟ್ಟರು.

“ಅಮ್ಮಾ, ಈ ತಿಂಗಳು ಸ್ವಲ್ಪ ಕಷ್ಟ ಇದೆ.”

“ಆಗಲಿ ಬಿಡಪ್ಪಾ, ಅದಕ್ಕೇನಂತೆ.”

ಮುಂದಿನ ಜಗಳದ ಅರ್ಧ ಈ ಎರಡು ಮಾತಿನಲ್ಲಿದೆ. ಚಿಕ್ಕಮ್ಮನ ಮನಸ್ಸಿನಲ್ಲಿ “ಆಗಲಿ ಬಿಡು” ಅಂದರೆ ಉಳಿದದ್ದನ್ನು ಮುಂದಿನ ತಿಂಗಳು ಸೇರಿಸಿ ಕೊಡು ಎಂದು. ಕೇಳಿಸಿಕೊಂಡವರಿಗೆ ಅದು ಉಳಿದದ್ದು ಬೇಡ ಎಂದು ಕೇಳಿಸಿತು. ಅವರು ಹಾಗೆ ಅರ್ಥ ಮಾಡಿಕೊಂಡದ್ದು ಲಾಭದ ಆಸೆಯಿಂದ ಎಂದು ಚಿಕ್ಕಮ್ಮ ಬಹಳ ದಿನ ನಂಬಿದ್ದರು. ನನಗೆ ಹಾಗನ್ನಿಸಲಿಲ್ಲ. ಅವರ ಪತ್ನಿ ಅದೇ ರಾತ್ರಿ ತನ್ನ ತಾಯಿಗೆ ಕಳಿಸಿದ ಸಂದೇಶವನ್ನು ನನಗೆ ತೋರಿಸಿದರು. “ಕೆಳಗಿನ ಅಮ್ಮ ಅರ್ಧ ಬಿಟ್ಟರು, ಪುಣ್ಯಾತ್ಮರು” ಎಂದು ಅದರಲ್ಲಿತ್ತು. ಮೋಸ ಮಾಡಲು ಹೊರಟವರು ತಾಯಿಗೆ ಹಾಗೆ ಬರೆಯುವುದಿಲ್ಲ.

ಬಾಡಿಗೆದಾರರ ಕೆಲಸ ಹೋಗಿತ್ತು. ಅದನ್ನು ಅವರು ಹೇಳಲಿಲ್ಲ, ಚಿಕ್ಕಮ್ಮ ಕೇಳಲೂ ಇಲ್ಲ. 15ನೇ ತಿಂಗಳು ಮತ್ತೆ 50. 16ನೇ ತಿಂಗಳು ಏನೂ ಇಲ್ಲ. 17ನೇ ತಿಂಗಳು ಪೂರ್ತಿ 100 ಬಂತು. ಅದು ಯಾವ ತಿಂಗಳ ಬಾಡಿಗೆ ಎಂದು ಯಾರೂ ಹೇಳಲಿಲ್ಲ, ರಸೀದಿಯೂ ಇಲ್ಲ. 18ರಲ್ಲಿ ಇಲ್ಲ, 19ರಲ್ಲೂ ಇಲ್ಲ.

ಈ ಆರು ತಿಂಗಳಲ್ಲಿ ಮನೆಯೊಳಗೆ ಏನಾಯಿತು ಅನ್ನುವುದು ಹಣದ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡಿದೆ. ಬಾಡಿಗೆದಾರರು ಚಿಕ್ಕಮ್ಮನ ಕಣ್ಣಿಗೆ ಬೀಳದಂತೆ ಓಡಾಡಲು ಶುರು ಮಾಡಿದರು. ಅವರ ದೀಪ ಆರಿದ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರಂತೆ. ಚಿಕ್ಕಮ್ಮ ಕತ್ತಲಲ್ಲಿ ಎದ್ದು ಕೂತು ಆ ಸಪ್ಪಳಕ್ಕೆ ಕಿವಿಗೊಡುತ್ತಿದ್ದರಂತೆ. ಮಗು ಕೆಳಗೆ ಬರುವುದು ನಿಂತಿತು. ಕಳಿಸಬೇಡಿ ಎಂದು ಯಾರೂ ಹೇಳಿರಲಿಲ್ಲ, ಆದರೂ ನಿಂತಿತು. ಬಾಡಿಗೆ ಕೇಳಿದರೆ ಸಂಬಂಧ ಕೆಡುತ್ತದೆ ಎಂದು ಚಿಕ್ಕಮ್ಮ ಸುಮ್ಮನಿದ್ದರು. ಕೇಳದೆ ಇದ್ದದ್ದರಿಂದಲೇ ಸಂಬಂಧ ಕೆಟ್ಟಿತು. ಮಾಲೀಕರು ಮತ್ತು ಬಾಡಿಗೆದಾರರು ಒಂದೇ ಸೂರಿನಡಿ ಇದ್ದಾಗ ಇದು ಎಷ್ಟು ಹಿಂಸೆಯೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ದೊಡ್ಡ ಮಾಲೀಕರಿಗೆ ಇಂಥ ಹೊತ್ತಿನಲ್ಲಿ ಒಬ್ಬ ಗುಮಾಸ್ತ ಇರುತ್ತಾನೆ, 6ನೇ ತಾರೀಕು ತಾನಾಗಿ ನೆನಪೋಲೆ ಹೋಗುತ್ತದೆ, ಯಾರ ಮನಸ್ಸಿಗೂ ನೋವಾಗುವುದಿಲ್ಲ. ಚಿಕ್ಕಮ್ಮನಿಗೆ ಗುಮಾಸ್ತರೂ ಅವರೇ, ಮಾಲೀಕರೂ ಅವರೇ, ಮಗುವಿನ ಅಜ್ಜಿಯಂತಿದ್ದವರೂ ಅವರೇ.

ಗೋಡೆ

ಬಾಕಿಯ ಕತೆ ಇಷ್ಟೇ ಆಗಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. 19ನೇ ತಿಂಗಳ ಕೊನೆಗೆ ಚಿಕ್ಕಮ್ಮ ಕೊನೆಗೂ ಸಂದೇಶ ಕಳಿಸಿ ಬಾಡಿಗೆ ಕೇಳಿದರು. ಉತ್ತರವಾಗಿ ಬಂದದ್ದು ಒಂಬತ್ತು ಫೋಟೊ. ಒಳಗಿನ ಕೋಣೆಯ ಗೋಡೆ ತುಂಬ ಕಪ್ಪು ಬೂಷ್ಟು. ಕೆಳಗೆ ಒಂದು ಸಾಲು: “ಮೊದಲು ಇದನ್ನು ಸರಿ ಮಾಡಿಸಿ, ಆಮೇಲೆ ಬಾಡಿಗೆ ಮಾತು.”

ಚಿಕ್ಕಮ್ಮ ಇದನ್ನು ನೆಪ ಎಂದರು. ಬಾಕಿ ಏರಿದ ಮೇಲೆ ಗೋಡೆ ನೆನಪಾಯಿತೇ ಎಂದು ಕೇಳಿದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಮೇಲೆ ಹೋಗಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಆ ಕೋಣೆಯನ್ನು ಅವರು ಮೂರು ತಿಂಗಳಿಂದ ಬಳಸುತ್ತಿರಲಿಲ್ಲ, ಮಗುವಿಗೆ ಕೆಮ್ಮು ನಿಂತಿರಲಿಲ್ಲ. ಅಷ್ಟೇ ಅಲ್ಲ, ಗೋಡೆಯ ಮಾತು ಮೊದಲು ಬಂದದ್ದು 11ನೇ ತಿಂಗಳಲ್ಲಿ, ಬಾಡಿಗೆ ಸರಿಯಾಗಿ ಬರುತ್ತಿದ್ದಾಗಲೇ. ಮೆಟ್ಟಿಲ ಮೇಲೆ ಸಿಕ್ಕಾಗ ಪತ್ನಿ, “ಒಳಗಿನ ಗೋಡೆ ಥಂಡಿ ಹಿಡೀತಿದೆ ಅಮ್ಮಾ” ಎಂದಿದ್ದರು. “ಕಿಟಕಿ ತೆಗೆದಿಡಮ್ಮಾ, ಒಗೆದ ಬಟ್ಟೆ ಒಳಗೆ ಹರವಬೇಡ” ಎಂದು ಚಿಕ್ಕಮ್ಮ ಹೇಳಿದ್ದರು. ಅಲ್ಲಿಗೆ ಮಾತು ಮುಗಿದಿತ್ತು. ಇದನ್ನೂ ಇಬ್ಬರೂ ಒಪ್ಪಿಕೊಂಡರು.

ತೇವದ ಗೋಡೆಯ ವಿಷಯದಲ್ಲಿ ಮಾಲೀಕರು ಬಾಡಿಗೆದಾರರ ಅಭ್ಯಾಸವನ್ನು ದೂರುತ್ತಾರೆ, ಬಾಡಿಗೆದಾರರು ಕಟ್ಟಡವನ್ನು ದೂರುತ್ತಾರೆ. ಎರಡೂ ನಿಜವಾಗಿರಬಹುದು. ಉಸಿರು, ಅಡುಗೆ, ಸ್ನಾನ, ಒಣಗುವ ಬಟ್ಟೆ ಎಲ್ಲದರಿಂದಲೂ ಗಾಳಿಗೆ ನೀರಾವಿ ಸೇರುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ಆವಿ ಹಿಡಿದುಕೊಳ್ಳುತ್ತದೆ. ಅದು ತಣ್ಣಗಿನ ಗೋಡೆಯ ಮೂಲೆಗೆ ತಾಗಿದಾಗ ಅಲ್ಲಿ ತೇವ ಹೆಚ್ಚುತ್ತದೆ. ಗೋಡೆಯ ಮೇಲ್ಮೈಯಲ್ಲಿ ಸಾಪೇಕ್ಷ ಆರ್ದ್ರತೆ ಶೇ 80ರ ಆಸುಪಾಸಿನಲ್ಲಿ ಕೆಲವು ದಿನ ನಿಂತರೆ ಬೂಷ್ಟು ಬೆಳೆಯಲು ಅಷ್ಟು ಸಾಕು, ಕಣ್ಣಿಗೆ ಕಾಣುವ ನೀರು ಬೇಕಿಲ್ಲ. ಇದು ಮನೆ ಬಳಕೆಗೆ ಸೇರಿದ ತೇವ. ಗೋಡೆಯೊಳಗಿನ ಪೈಪು ಸೋರಿದರೆ, ಹೊರಗಿನ ಗಿಲಾವು ಬಿರುಕು ಬಿಟ್ಟರೆ ಬರುವುದು ಕಟ್ಟಡದ ತೇವ. ಎರಡರಿಂದಲೂ ಬೆಳೆಯುವ ಬೂಷ್ಟು ನೋಡಲು ಒಂದೇ ಥರ.

ಬೇರೆ ಮಾಡಿ ನೋಡಲು ಒಂದು ಸರಳ ದಾರಿಯಿದೆ. ಗೋಡೆಯನ್ನು ಒರೆಸಿ, ಅಂಗೈಗಿಂತ ಸ್ವಲ್ಪ ದೊಡ್ಡ ಅಲ್ಯೂಮಿನಿಯಂ ಹಾಳೆಯ ತುಂಡನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಬಿಗಿಯಾಗಿ ಅಂಟಿಸಬೇಕು. ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ತೇವ ಕೋಣೆಯ ಗಾಳಿಯದು. ಒಳಮೈ, ಅಂದರೆ ಗೋಡೆಯ ಕಡೆ ಒದ್ದೆಯಾಗಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಆದರೆ ಜಗಳ ಆಡುತ್ತಿರುವ ಇಬ್ಬರೂ ಒಟ್ಟಿಗೆ ನಿಂತು ನೋಡಬಹುದಾದ ಪರೀಕ್ಷೆ. ನಾನು ಎರಡು ಕಡೆ ಅಂಟಿಸಿದೆ, ಸೂರಿನ ಮೂಲೆಯಲ್ಲಿ ಒಂದು, ಬಚ್ಚಲಿಗೆ ತಾಗಿದ ಗೋಡೆಯ ಬುಡದಲ್ಲಿ ಒಂದು. ಮೂರನೇ ದಿನ ಚಿಕ್ಕಮ್ಮ, ಬಾಡಿಗೆದಾರರು ಇಬ್ಬರನ್ನೂ ಕರೆದು ಟೇಪು ಬಿಚ್ಚಿದೆ. ಮೂಲೆಯ ಹಾಳೆಯ ಹೊರಗೆ ತೇವ, ಬುಡದ ಹಾಳೆಯ ಒಳಗೆ ತೇವ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿತ್ತು.

ರಾತ್ರಿ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಬರೆದಿಟ್ಟೆವು. ಬೆಳಿಗ್ಗೆಯ ಹೊತ್ತಿಗೆ ಅದು ಕದಲಿರಲಿಲ್ಲ. ಅಂದರೆ ಸೋರುತ್ತಿದ್ದದ್ದು ನೀರು ಬರುವ ಪೈಪಲ್ಲ, ನೀರು ಹೋಗುವ ಪೈಪು. ಪ್ಲಂಬರ್ ಬಚ್ಚಲ ಜಾಲಿಯ ಸುತ್ತ ಒಡೆದು ನೋಡಿದರು, ಜೋಡಣೆ ಬಿಟ್ಟುಕೊಂಡಿತ್ತು. 11ನೇ ತಿಂಗಳಲ್ಲೇ ನೋಡಿದ್ದರೆ ಅರ್ಧ ದಿನದ ಕೆಲಸ.

ಚಿಕ್ಕಮ್ಮ ಅವತ್ತು ಬಹಳ ಹೊತ್ತು ಮಾತಾಡಲಿಲ್ಲ. ನಾನು ಅವರಿಗೆ ಒಂದು ವಿಷಯ ಹೇಳಿದೆ, ಹೇಳಬೇಕೆನಿಸಿತು. 2020ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಬೂಷ್ಟು ತುಂಬಿದ ಬಾಡಿಗೆ ಮನೆಯಲ್ಲಿದ್ದ ಎರಡು ವರ್ಷದ ಮಗು ಉಸಿರಾಟದ ಕಾಯಿಲೆಯಿಂದ ಸತ್ತಿತು. 2022ರ ಅಧಿಕೃತ ವಿಚಾರಣೆ ಅದಕ್ಕೆ ಬೂಷ್ಟೇ ಕಾರಣ ಎಂದಿತು. ತಂದೆ ತಾಯಿ ವರ್ಷಗಟ್ಟಲೆ ದೂರಿದ್ದರು, ತೇವಕ್ಕೆ ಅವರ ಜೀವನ ಕ್ರಮವೇ ಕಾರಣವೆಂದು ಮನೆ ಕೊಟ್ಟವರು ಎಣಿಸಿದ್ದರು. ಚಿಕ್ಕಮ್ಮನದು ಅಂಥ ನಿರ್ಲಕ್ಷ್ಯ ಎಂದು ನಾನು ಹೇಳುತ್ತಿಲ್ಲ. ಆದರೆ “ಕಿಟಕಿ ತೆಗೆದಿಡಮ್ಮಾ” ಎಂದ ಮೇಲೆ ಒಮ್ಮೆ ಮೇಲೆ ಹತ್ತಿ ನೋಡಬೇಕಿತ್ತು.

ಬೀಗದ ಮಾತು

ಇದಕ್ಕೆಲ್ಲ ಮೊದಲು, ಫೋಟೊ ಬಂದ ವಾರ, ಚಿಕ್ಕಮ್ಮನಿಗೆ ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ನೀರು ನಿಲ್ಲಿಸಿ, ಕರೆಂಟು ತೆಗೆಸಿ, ಅವರು ಊರಿಗೆ ಹೋದಾಗ ಬೀಗ ಬದಲಾಯಿಸಿ. ಕೋಪದಲ್ಲಿದ್ದವರಿಗೆ ಇವೆಲ್ಲ ನ್ಯಾಯವಾಗಿಯೇ ಕೇಳಿಸುತ್ತವೆ. ನನ್ನ ಮನೆ, ನನಗೆ ಹಣ ಬಂದಿಲ್ಲ, ನಾನು ಯಾಕೆ ನೀರು ಕೊಡಬೇಕು?

ಇಂಥದ್ದನ್ನು ಬಹಳ ದೇಶಗಳ ಕಾನೂನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆದಾರರನ್ನು ಕಾನೂನು ಬಿಟ್ಟು ಹೊರಹಾಕುವುದು 1977ರ ಕಾಯ್ದೆಯಂತೆ ಅಪರಾಧ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ನೀರು, ವಿದ್ಯುತ್ತಿನಂಥ ಅಗತ್ಯ ಸೌಕರ್ಯ ತಡೆಯಬಾರದು ಎನ್ನುತ್ತದೆ. ಫ್ರಾನ್ಸ್‌ನಲ್ಲಿ ನ್ಯಾಯಾಲಯದ ಆದೇಶ ಕೈಯಲ್ಲಿದ್ದರೂ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಸಾಮಾನ್ಯವಾಗಿ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ. ಆ ಐದು ತಿಂಗಳು ಒಂದೇ ಮನೆಯ ಮಾಲೀಕ ಸಾಲದ ಕಂತು ಹೇಗೆ ಕಟ್ಟಬೇಕು ಎಂಬ ಪ್ರಶ್ನೆ ಸುಳ್ಳಲ್ಲ. ಚಳಿಗಾಲದಲ್ಲಿ ಮಗುವಿನ ಜೊತೆ ಬೀದಿಗೆ ಬೀಳುವವರ ಪ್ರಶ್ನೆ ಅದಕ್ಕಿಂತ ದೊಡ್ಡದು ಎಂದು ನಾನು ನಂಬುತ್ತೇನೆ. ಆದರೆ ಆ ಭಾರವನ್ನು ಸಮಾಜ ಹೊರುವ ಬದಲು ಚಿಕ್ಕಮ್ಮನಂಥವರ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವೇ ಎಂದು ಕೇಳದಿರಲಾರೆ.

ವಕೀಲರನ್ನು ಕಂಡೆವು. ಅವರು ಹೇಳಿದ ಒಂದು ಮಾತು ಚಿಕ್ಕಮ್ಮನಿಗೆ ಹೊಸದು. ಖಾಲಿ ಮಾಡಲು ನೋಟಿಸ್ ಕೊಟ್ಟು, ಅವಧಿ ಮುಗಿದ ಮೇಲೂ ಹೊಸ ತಿಂಗಳ ಬಾಡಿಗೆಯನ್ನು ಸುಮ್ಮನೆ ತೆಗೆದುಕೊಂಡರೆ ಕೊಟ್ಟ ನೋಟಿಸನ್ನೇ ಕೈಬಿಟ್ಟಂತೆ ಆಗಬಹುದು. 1882ರಷ್ಟು ಹಿಂದಿನ ಭಾರತದ ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಮು ಇದನ್ನೇ ಉದಾಹರಣೆಯೊಂದಿಗೆ ಹೇಳುತ್ತದೆ, ಬೇರೆ ಕಡೆಯ ಕಾನೂನುಗಳಲ್ಲೂ ಇದಕ್ಕೆ ಹತ್ತಿರದ ತತ್ವ ಇದೆ. ಕಷ್ಟದಲ್ಲಿರುವವರು ಕೈಗೆ ಬಂದದ್ದನ್ನು ಬೇಡ ಎನ್ನುವುದು ಹೇಗೆ? ಸಾಲದ ಕಂತಿಗೆ ಅದೇ ಹಣ ಬೇಕು. ಸಣ್ಣ ಮಾಲೀಕರು ಕಾನೂನಿನ ದಾರಿ ಹಿಡಿದೂ ಎಡವುವುದು ಇಂಥ ಜಾಗದಲ್ಲಿ.

ನೋಟಿಸ್ ಬರೆಸಿ ಇಟ್ಟುಕೊಂಡೆವು, ಕಳಿಸಲಿಲ್ಲ. ಒಮ್ಮೆ ಕೂತು ಮಾತಾಡೋಣ ಎಂದೆ.

ಎರಡು ಹಾಳೆ

20ನೇ ತಿಂಗಳ ಮೊದಲ ಭಾನುವಾರ ಕೂತದ್ದು. ಅಷ್ಟರಲ್ಲಿ ಅಲ್ಯೂಮಿನಿಯಂ ಹಾಳೆಯ ಪರೀಕ್ಷೆ ಮುಗಿದಿತ್ತು, ಜಾಲಿ ಸರಿಯಾಗಿತ್ತು. ಅದರಿಂದ ಮಾತಿನ ಬಿಸಿ ಸ್ವಲ್ಪ ಇಳಿದಿತ್ತು.

ಮೊದಲು ಇಬ್ಬರ ಲೆಕ್ಕವನ್ನೂ ಬರೆದು ತೋರಿಸಿದೆ. ಚಿಕ್ಕಮ್ಮನದು: 14 ಮತ್ತು 15ನೇ ತಿಂಗಳ ಅರ್ಧರ್ಧ ಸೇರಿ 100, 16ಕ್ಕೆ 100, 18ಕ್ಕೆ 100, 19ಕ್ಕೆ 100. ಒಟ್ಟು 400. ಬಾಡಿಗೆದಾರರದು: 14, 15 ಅಮ್ಮ ಬಿಟ್ಟುಕೊಟ್ಟದ್ದು. 16, 18, 19 ಸೇರಿ 300. ಅದರಲ್ಲಿ ತಾವೇ ಪ್ಲಂಬರ್ ಕರೆಸಿದ್ದು 15, ಬೂಷ್ಟು ತಡೆಯುವ ಬಣ್ಣಕ್ಕೆ 25, ಎರಡೂ ಕಳೆದರೆ 260. ಅಡ್ವಾನ್ಸ್ 200 ಮುರಿದುಕೊಂಡರೆ ಉಳಿಯುವುದು 60.

ಬಾಡಿಗೆ, ರಿಪೇರಿ, ಅಡ್ವಾನ್ಸ್ ಮೂರನ್ನೂ ಒಂದೇ ಚೀಲಕ್ಕೆ ಸುರಿದದ್ದೇ ಅಂತರಕ್ಕೆ ಕಾರಣ. ಚಿಕ್ಕಮ್ಮ ಬಾಡಿಗೆಯ ಹಾಳೆ ಮಾತ್ರ ನೋಡುತ್ತಿದ್ದರು, ಮನೆಯ ಸ್ಥಿತಿಯ ಹಾಳೆ ಅವರ ಪಾಲಿಗೆ ಇರಲೇ ಇಲ್ಲ. ಬಾಡಿಗೆದಾರರು ಎರಡೂ ಹಾಳೆಯನ್ನು ಬೆರೆಸಿ ಒಂದರಿಂದ ಇನ್ನೊಂದನ್ನು ಹೊಡೆದುಹಾಕುತ್ತಿದ್ದರು. ಹೀಗೆ ಬೆರೆತಾಗ ಬಾಡಿಗೆ ಕೇಳಿದರೆ ಗೋಡೆ ಎದ್ದು ನಿಲ್ಲುತ್ತದೆ, ಗೋಡೆ ತೋರಿಸಿದರೆ ಬಾಕಿ ಎದ್ದು ನಿಲ್ಲುತ್ತದೆ.

ಮೇಜಿನ ಮೇಲೆ ಎರಡು ಖಾಲಿ ಹಾಳೆ ಇಟ್ಟೆ. ಒಂದರಲ್ಲಿ ಬಾಡಿಗೆ, ಇನ್ನೊಂದರಲ್ಲಿ ಮನೆ. ಒಂದರ ಮಾತಾಡುವಾಗ ಇನ್ನೊಂದರ ಮಾತು ಬೇಡ ಎಂದೆ. ಅಡ್ವಾನ್ಸ್ ಎರಡರಲ್ಲೂ ಇಲ್ಲ, ಅದು ಮನೆ ಬಿಡುವ ದಿನದ್ದು.

ಬಾಡಿಗೆಯ ಹಾಳೆಯಲ್ಲಿ ತಕರಾರು ಇದ್ದದ್ದು “ಆಗಲಿ ಬಿಡಪ್ಪಾ” ಎಂಬುದರ 100ಕ್ಕೆ. ಬರಹದಲ್ಲಿ ಏನೂ ಇಲ್ಲ. ಅರ್ಧ ಬಿಡಿ ಎಂದು ಚಿಕ್ಕಮ್ಮನನ್ನು ಕೇಳಿದೆ. ಹೇಳಿದ ಮಾತಿನಲ್ಲಿ ಸ್ಪಷ್ಟತೆ ಇರಲಿಲ್ಲ ಅನ್ನುವುದಕ್ಕೆ ಆ ಅರ್ಧ, ಅವರ ಔದಾರ್ಯಕ್ಕೆಂದಲ್ಲ. ಅವರು ಒಪ್ಪಿದರು. ಬಾಕಿ 350 ಆಯಿತು.

ಮನೆಯ ಹಾಳೆ ಕಷ್ಟದ್ದು. ಪ್ಲಂಬರಿನ 15, ಬಣ್ಣದ 25 ಮಾಲೀಕರ ಪಾಲು ಎಂದು ತೀರ್ಮಾನವಾಯಿತು. ಬಣ್ಣದಲ್ಲಿ ಸ್ವಲ್ಪ ಬಟ್ಟೆ ಒಣಗಿಸಿದ್ದರ ಪಾಲೂ ಇತ್ತು, ಆದರೆ ಸೋರುವ ಗೋಡೆಗೆ ಮೇಲಿಂದ ಎಷ್ಟು ಬಣ್ಣ ಹೊಡೆದರೂ ನಿಲ್ಲುವುದಿಲ್ಲ, ಅದನ್ನು ಅವರ ತಲೆಗೆ ಕಟ್ಟುವುದು ಸರಿಯೆನಿಸಲಿಲ್ಲ. ಬಳಸಲಾಗದ ಕೋಣೆಗೆ ಪರಿಹಾರ ಎಂದಾಗ ಚಿಕ್ಕಮ್ಮ ಸಿಡಿದರು. “ಬಾಡಿಗೆ ಕೊಡದ ತಿಂಗಳಿಗೆ ನಾನು ರಿಯಾಯಿತಿ ಬೇರೆ ಕೊಡಬೇಕಾ?” ಕೇಳಲು ವಿಚಿತ್ರವೇ. ಆದರೆ ಹಾಳೆ ಬೇರೆ ಮಾಡಿದ ಮೇಲೆ ಅದಕ್ಕೆ ಅರ್ಥ ಬರುತ್ತದೆ. ಆ ತಿಂಗಳ ಬಾಡಿಗೆ ಬಾಕಿಯ ಹಾಳೆಯಲ್ಲಿ ಪೂರ್ತಿ ಬರೆದಾಗಿದೆ. ಪೂರ್ತಿ ಬಾಡಿಗೆ ಕೇಳುವವರು ಪೂರ್ತಿ ಮನೆ ಕೊಟ್ಟಿರಬೇಕು. ಜರ್ಮನಿಯ ಕಾನೂನಿನಲ್ಲಿ ಮನೆಯಲ್ಲಿ ಗಣನೀಯ ದೋಷವಿದ್ದರೆ ಬಾಡಿಗೆ ಆ ಮಟ್ಟಿಗೆ ತಾನಾಗಿಯೇ ಇಳಿಯುತ್ತದೆ, ಆದರೆ ದೋಷವನ್ನು ಕೂಡಲೇ ಮಾಲೀಕರಿಗೆ ತಿಳಿಸುವುದು ಬಾಡಿಗೆದಾರರ ಕರ್ತವ್ಯ. ಎಲ್ಲ ಕಡೆ ಹೀಗಿಲ್ಲ. ಹಲವು ದೇಶಗಳಲ್ಲಿ ರಿಪೇರಿಯ ನೆಪದಲ್ಲಿ ಬಾಡಿಗೆ ತಡೆಹಿಡಿದರೆ ಮನೆ ಕಳೆದುಕೊಳ್ಳುವ ಅಪಾಯ ಬಾಡಿಗೆದಾರರದ್ದೇ. ಇಲ್ಲಿ ತಿಂಗಳಿಗೆ 10ರಂತೆ ಮೂರು ತಿಂಗಳಿಗೆ 30 ಎಂದು ಇಬ್ಬರೂ ಕೊನೆಗೆ ಒಪ್ಪಿದರು. ಆ 10 ಸರಿಯಾದ ಸಂಖ್ಯೆಯೇ ಎಂದು ನನಗೆ ಇಂದಿಗೂ ಅನುಮಾನವಿದೆ. ಎರಡರಲ್ಲಿ ಒಂದು ಮಲಗುವ ಕೋಣೆ ಹೋದಾಗ 10 ಕಡಿಮೆಯೇ ಇರಬಹುದು.

350ರಲ್ಲಿ 70 ಹೋಗಿ ಉಳಿದದ್ದು 280.

ಆಮೇಲೆ ಬಾಡಿಗೆದಾರರು ಮೊದಲ ಸಲ ಕೆಲಸದ ವಿಷಯ ಬಾಯಿಬಿಟ್ಟರು. ಆರು ತಿಂಗಳ ಹಿಂದೆ ಹೋದ ಕೆಲಸ, ಈಗ ಸಿಕ್ಕಿರುವುದು ಕಡಿಮೆ ಸಂಬಳದ್ದು. ಚಿಕ್ಕಮ್ಮ ಕೇಳಿದ್ದು ಒಂದೇ. “ಇದನ್ನ ಅವತ್ತೇ ಯಾಕಪ್ಪಾ ಹೇಳಲಿಲ್ಲ?” ಅದಕ್ಕೆ ಅವರು ಹೇಳಿದರು, “ಹೇಳಿದರೆ ಖಾಲಿ ಮಾಡು ಅಂತೀರೇನೋ ಅಂತ ಭಯ ಇತ್ತಮ್ಮಾ.” ಅವತ್ತೇ ಗೊತ್ತಾಗಿದ್ದರೆ ಚಿಕ್ಕಮ್ಮ ಏನು ಮಾಡುತ್ತಿದ್ದರು? ಆಮೇಲೆ ನಾನೇ ಕೇಳಿದೆ. “ಮೂರು ತಿಂಗಳು 50 ತಗೋತಿದ್ದೆ, ಬ್ಯಾಂಕಿಗೆ ಹೋಗಿ ಕಂತು ಮುಂದೆ ಹಾಕಿಸಿಕೊಳ್ಳೋಕೆ ಕೇಳ್ತಿದ್ದೆ” ಎಂದರು. ನಂಬುತ್ತೇನೆ.

280ನ್ನು ತೀರಿಸಲು ಬಾಡಿಗೆಯ ಜೊತೆ ತಿಂಗಳಿಗೆ 40ರಂತೆ ಏಳು ಕಂತು ಎಂದು ಹಾಕಿ ನೋಡಿದೆ. ಹೊಸ ಸಂಬಳದಲ್ಲಿ ತಿಂಗಳಿಗೆ 140 ಆಗುವ ಮಾತಲ್ಲ. ಆಗದ್ದಕ್ಕೆ ಸಹಿ ಹಾಕಿಸಿಕೊಂಡರೆ ಇನ್ನು ಮೂರು ತಿಂಗಳಲ್ಲಿ ಮತ್ತೆ ಇದೇ ಮೇಜು. ಚಿಕ್ಕ ಮನೆ ನೋಡಿಕೊಂಡು 21ನೇ ತಿಂಗಳ ಕೊನೆಗೆ ಬಿಡುತ್ತೇವೆ ಎಂದು ಅವರೇ ಹೇಳಿದರು. ಆ ಎರಡು ತಿಂಗಳ ಬಾಡಿಗೆ ತಪ್ಪದೆ ಕೊಡುವುದು, ಬಿಡುವ ದಿನ ಅಡ್ವಾನ್ಸಿನ 200 ಬಾಕಿಗೆ ಮುರಿದುಕೊಳ್ಳುವುದು, ಉಳಿದ 80ಕ್ಕೆ 20ರ ನಾಲ್ಕು ಕಂತು. ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ನೋಟಿಸ್ ಕಪಾಟಿನಲ್ಲೇ ಉಳಿಯಿತು.

ಬಿಟ್ಟ ಮೇಲೆ

20, 21ನೇ ತಿಂಗಳ ಬಾಡಿಗೆ ಹೇಳಿದ ದಿನಕ್ಕೆ ಬಂತು. ಹೋಗುವ ದಿನ ಅಡುಗೆಮನೆಯ ಕಲ್ಲಿನ ಹಲಗೆಯಲ್ಲಿ ಒಂದು ಸೀಳು ಕಂಡಿತು. ಮೊದಲೇ ಇತ್ತು ಎಂದರು ಅವರು, ಇರಲಿಲ್ಲ ಎಂದರು ಚಿಕ್ಕಮ್ಮ. ಫೋಟೊ ಇಲ್ಲ. ಅಲ್ಲಿಗೆ ಬಿಟ್ಟೆವು. ಬಣ್ಣ ಮಾಸಿದ್ದು, ಬಾಗಿಲ ಹಿಡಿ ಸಡಿಲವಾದದ್ದು ಬಳಕೆಯ ಸವಕಳಿ, ಅದನ್ನು ಬಾಡಿಗೆದಾರರಿಂದ ವಸೂಲು ಮಾಡುವುದು ನ್ಯಾಯವಲ್ಲ ಎಂದು ಚಿಕ್ಕಮ್ಮನಿಗೆ ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮಗು ಹೋಗುವಾಗ ಕೆಳಗೆ ಬಂದು ಅವರ ಮಡಿಲಲ್ಲಿ ಕೂತಿತ್ತು.

ಮುಂದೆ ಮೂರು ಕಂತು ಬಂತು, ನಾಲ್ಕನೆಯದು ಬರಲಿಲ್ಲ. ಮನೆ ಒಂದು ತಿಂಗಳು ಖಾಲಿ ಇತ್ತು. ರಿಪೇರಿ ಹೇಗೂ ಆಗಬೇಕಿದ್ದದ್ದು, ಅದನ್ನು ಸೇರಿಸುವುದಿಲ್ಲ. ಬಿಟ್ಟುಕೊಟ್ಟ 50, ಕೋಣೆಯ 30, ಬಾರದ 20, ಖಾಲಿ ತಿಂಗಳ 100, ಒಟ್ಟು 200. ತಿಂಗಳಿಗೆ 25ರಂತೆ ಎಂಟು ತಿಂಗಳ ಉಳಿತಾಯ ಹೋಯಿತು. ನ್ಯಾಯಾಲಯಕ್ಕೆ ಹೋಗಿದ್ದರೆ ಆ ಎಂಟು ತಿಂಗಳಲ್ಲಿ ವ್ಯಾಜ್ಯ ಮುಗಿಯುತ್ತಿತ್ತು ಎಂದು ನನಗನ್ನಿಸುವುದಿಲ್ಲ. ಹಾಗೆಂದು ಚಿಕ್ಕಮ್ಮನ ಪಾಲಿಗೆ ಇದು ಗೆಲುವಲ್ಲ. ಮನೆ ಸಾಲದ ಒಂದು ಕಂತಿಗೆ ಅವರು ಕೈಬಳೆ ಅಡವಿಟ್ಟಿದ್ದರು, ಅದು ನನಗೆ ಗೊತ್ತಾದದ್ದು ಈ ಬರಹಕ್ಕೆಂದು ಕೂತಾಗ.

ಹೊಸಬರು ಬಂದ ದಿನ ಚಿಕ್ಕಮ್ಮ ಅವರ ಜೊತೆ ಕೋಣೆ ಕೋಣೆ ಸುತ್ತಿ 43 ಫೋಟೊ ತೆಗೆದರು. ಅಲ್ಲೇ ನಿಂತು ಅವರಿಗೂ ಕಳಿಸಿದರು. ಅಡ್ವಾನ್ಸ್ ಬೇರೆ ಖಾತೆಗೆ ಹೋಯಿತು. ಕರಾರಿಗೆ ಮೂರು ಸಾಲು ಸೇರಿಸಿದೆವು. ದೂರು ಏನಿದ್ದರೂ ಬರೆದು ಕಳಿಸಬೇಕು, ಮಾಲೀಕರು ಏಳು ದಿನದೊಳಗೆ ಬಂದು ನೋಡಬೇಕು. ಬಾಡಿಗೆಯಲ್ಲಿ ಏನಾದರೂ ಕಡಿಮೆ ಕೊಟ್ಟರೆ ಉಳಿದದ್ದು ಯಾವಾಗ ಎಂದು ಅವತ್ತೇ ಇಬ್ಬರೂ ಬರೆದುಕೊಳ್ಳಬೇಕು. ರಿಪೇರಿಯ ಖರ್ಚನ್ನು ಬಾಡಿಗೆಯಲ್ಲಿ ಮುರಿಯುವುದಿದ್ದರೆ ಮೊದಲೇ ಬರಹದಲ್ಲಿ ಒಪ್ಪಿಗೆ ಬೇಕು. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು, ಒಳಗಿನ ಕೋಣೆಯ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದರು.

ಮೂರನೇ ತಿಂಗಳು 5ಕ್ಕೆ ಬಾಡಿಗೆ ಬರಲಿಲ್ಲ. 6ರ ಬೆಳಿಗ್ಗೆ ಚಿಕ್ಕಮ್ಮ ನನಗೆ ಫೋನು ಮಾಡಿದರು. “ಹೇಗೆ ಕೇಳಲೋ?” ಎಂದರು. ಮೇಲೆ ಹೋಗಿ ಬಾಡಿಗೆ ಬಂದಿಲ್ಲ, ಏನಾಯ್ತು ಅಂತ ಕೇಳಿ, ಅಷ್ಟೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನು ಇಡದೆಯೇ ಮೆಟ್ಟಿಲು ಹತ್ತತೊಡಗಿದರು. ಬಾಗಿಲು ಬಡಿದದ್ದು ನನಗೂ ಕೇಳಿಸಿತು.